ಕೆಲಸ ಬಲ್ಲ ಕಿಣ್ವ, ತಪ್ಪಿದ ವಿಳಾಸ: ಎಜಿಟಿ ಪ್ರೋಟೀನಿನ ಒಂದು ಪ್ರಕರಣ

ಕಿಡ್ನಿಯನ್ನು ಹಾಳುಮಾಡುವ ಪ್ರೈಮರಿ ಹೈಪರ್‌ಆಕ್ಸಲೂರಿಯಾ ಟೈಪ್ 1 ಎಂಬ ಆನುವಂಶಿಕ ಕಾಯಿಲೆಯವರ ಯಕೃತ್ತಿನ ತುಣುಕು ತೆಗೆದು ಪರೀಕ್ಷಿಸಿದರೆ, ಹೆಚ್ಚಿನವರಲ್ಲಿ ಎಜಿಟಿ ಎಂಬ ಕಿಣ್ವದ ಕೆಲಸ ಕಾಣುವುದೇ ಇಲ್ಲ. ಕಿಣ್ವವಿಲ್ಲ, ಆದ್ದರಿಂದ ಕಾಯಿಲೆ. ಇಷ್ಟು ಸರಳವಾಗಿದ್ದ ಲೆಕ್ಕವನ್ನು ಇಬ್ಬರು ರೋಗಿಗಳು ಕೆಡಿಸಿದರು. ಒಬ್ಬರ ಯಕೃತ್ತಿನಲ್ಲಿ ಸಾಮಾನ್ಯ ಮಟ್ಟದ ಶೇ. 9ರಷ್ಟು, ಇನ್ನೊಬ್ಬರಲ್ಲಿ ಶೇ. 27ರಷ್ಟು ಕಿಣ್ವದ ಕೆಲಸ ಉಳಿದಿತ್ತು. ಆನುವಂಶಿಕ ಕಿಣ್ವ ಕೊರತೆಗಳಲ್ಲಿ ಶೇ. 27 ಎಂದರೆ ಕಡಿಮೆಯೇನಲ್ಲ. ಎಷ್ಟೋ ಕಾಯಿಲೆಗಳಲ್ಲಿ ಅಷ್ಟು ಉಳಿದಿದ್ದರೆ ರೋಗಿ ಹೆಚ್ಚು ತೊಂದರೆಯಿಲ್ಲದೆ ಇರುತ್ತಾನೆ. ಈ ಇಬ್ಬರ ಕಾಯಿಲೆ ಮಾತ್ರ ಆ ಅಂಕಿಗಳಿಗೆ ಹೊಂದುತ್ತಿರಲಿಲ್ಲ. ಉಳಿದಿದ್ದ ಕಿಣ್ವವನ್ನು ನೋಡಿ ಊಹಿಸಬಹುದಾದ್ದಕ್ಕಿಂತ ಅದು ಜೋರಾಗಿತ್ತು.

1989ರಲ್ಲಿ ಪ್ರಕಟವಾದ ಈ ಇಬ್ಬರ ಕತೆಯನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ರಿಕಾಂಬಿನೆಂಟ್ ಪ್ರೋಟೀನ್, ಅಂದರೆ ಮನುಷ್ಯನ ಜೀನನ್ನು ಬ್ಯಾಕ್ಟೀರಿಯಾದಂಥ ಬೇರೆ ಜೀವಕೋಶದೊಳಗೆ ಇಟ್ಟು ತಯಾರಿಸಿಕೊಂಡ ಪ್ರೋಟೀನ್, ಕಿಡ್ನಿ ಕಾಯಿಲೆಯೊಂದರ ಬಗ್ಗೆ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ನನಗೆ ಗೊತ್ತಿಲ್ಲ.

ತಪ್ಪು ಯಕೃತ್ತಿನದು, ಪೆಟ್ಟು ಕಿಡ್ನಿಗೆ

ಎಜಿಟಿಯ ಪೂರ್ತಿ ಹೆಸರು ಅಲನೀನ್–ಗ್ಲೈಆಕ್ಸಿಲೇಟ್ ಅಮೈನೋಟ್ರಾನ್ಸ್‌ಫರೇಸ್. ಯಕೃತ್ತಿನ ಜೀವಕೋಶದಲ್ಲಿ ಪೆರಾಕ್ಸಿಸೋಮ್ ಎಂಬ ಸಣ್ಣ ಚೀಲಗಳಿವೆ. ಅಲ್ಲಿ ಗ್ಲೈಕೊಲೇಟ್ ಎಂಬ ಅಣುವಿನಿಂದ ಗ್ಲೈಆಕ್ಸಿಲೇಟ್ ಹುಟ್ಟುತ್ತದೆ. ಹುಟ್ಟಿದ ಜಾಗದಲ್ಲೇ ಅದನ್ನು ಹಿಡಿದು, ಅಲನೀನಿನಿಂದ ಅಮೈನೋ ಗುಂಪನ್ನು ತಂದು ಜೋಡಿಸಿ, ನಿರಪಾಯಕಾರಿಯಾದ ಗ್ಲೈಸೀನ್ ಮಾಡುವುದು ಎಜಿಟಿಯ ಕೆಲಸ. ಎಜಿಟಿ ಅಲ್ಲಿಲ್ಲದಿದ್ದರೆ ಗ್ಲೈಆಕ್ಸಿಲೇಟ್ ಚೀಲದಿಂದ ಆಚೆ ಸೋರುತ್ತದೆ. ಹೊರಗೆ ಲ್ಯಾಕ್ಟೇಟ್ ಡಿಹೈಡ್ರಾಜಿನೇಸ್ ಎಂಬ ಇನ್ನೊಂದು ಕಿಣ್ವ ಅದನ್ನು ಆಕ್ಸಲೇಟ್ ಆಗಿ ಬದಲಿಸುತ್ತದೆ.

ಆಕ್ಸಲೇಟನ್ನು ಒಡೆಯುವ ಕಿಣ್ವ ಮನುಷ್ಯನಲ್ಲಿಲ್ಲ. ಅದು ಹೊರಹೋಗಬೇಕಾದರೆ ಮುಖ್ಯವಾಗಿ ಕಿಡ್ನಿಯ ದಾರಿಯಲ್ಲೇ ಹೋಗಬೇಕು. ದಾರಿಯಲ್ಲಿ ಕ್ಯಾಲ್ಸಿಯಂ ಸಿಕ್ಕರೆ ಕರಗದ ಹರಳಾಗುತ್ತದೆ. ಮೊದಲು ಕಲ್ಲುಗಳು, ಆಮೇಲೆ ಕಿಡ್ನಿಯ ಅಂಗಾಂಶದಲ್ಲೇ ಹರಳುಗಳ ಶೇಖರಣೆ, ಕೊನೆಗೆ ಕಿಡ್ನಿ ವೈಫಲ್ಯ. ಕಿಡ್ನಿ ಸೋತ ಮೇಲೆ ಆಕ್ಸಲೇಟಿಗೆ ಹೋಗಲು ದಾರಿಯೇ ಇಲ್ಲದೆ ಅದು ಮೂಳೆ, ಕಣ್ಣಿನ ಅಕ್ಷಿಪಟಲ, ಹೃದಯ, ಚರ್ಮಗಳಲ್ಲಿ ಕೂರುತ್ತದೆ. ಕೆಲವರಿಗೆ ಹಸುಗೂಸಿನಲ್ಲೇ ಕಿಡ್ನಿ ಹೋಗುತ್ತದೆ, ಇನ್ನು ಕೆಲವರಿಗೆ ನಡುವಯಸ್ಸಿನವರೆಗೂ ಮತ್ತೆ ಮತ್ತೆ ಬರುವ ಕಲ್ಲಷ್ಟೇ ಸುಳಿವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನೆನಪಿಸುವ ಕಾಯಿಲೆ ಇದು. ಬರಿಯ ಕಿಡ್ನಿ ಕಸಿ ಮಾಡಿದರೆ ಯಕೃತ್ತು ಅದೇ ವೇಗದಲ್ಲಿ ಆಕ್ಸಲೇಟ್ ಸುರಿಯುತ್ತಲೇ ಇದ್ದು ಹೊಸ ಕಿಡ್ನಿಯೂ ಹಾಳಾಗುತ್ತದೆ. ಅದಕ್ಕೇ ಯಕೃತ್ತನ್ನೂ ಜೊತೆಗೆ ಕಸಿ ಮಾಡುವ ಪದ್ಧತಿ ಬಂತು.

ಈ ಕಾಯಿಲೆಯ ಮೂಲ ಎಜಿಟಿಯ ಕೊರತೆ ಎಂದು 1986ರಲ್ಲಿ ತೋರಿಸಿದವರು ಕ್ರಿಸ್ಟೊಫರ್ ಡ್ಯಾನ್‌ಪ್ಯೂರ್ ಮತ್ತು ಪ್ಯಾಟ್ರಿಶಿಯಾ ಜೆನ್ನಿಂಗ್ಸ್. ಮೂರು ವರ್ಷಗಳ ಬಳಿಕ ಡ್ಯಾನ್‌ಪ್ಯೂರ್ ಅವರ ತಂಡದ ಮುಂದೆ ಬಂದದ್ದು ಮೇಲೆ ಹೇಳಿದ ಇಬ್ಬರ ಒಗಟು.

ಕಿಣ್ವ ಎಲ್ಲಿತ್ತು?

ಯಕೃತ್ತಿನ ತುಣುಕನ್ನು ಅರೆದು ಒಟ್ಟು ಕಿಣ್ವವನ್ನು ಅಳೆದಾಗ ಒಂದು ಸಂಗತಿ ಕಳೆದುಹೋಗುತ್ತದೆ. ಆ ಕಿಣ್ವ ಜೀವಕೋಶದ ಯಾವ ಕೋಣೆಯಲ್ಲಿತ್ತು ಎಂಬುದು ಆಮೇಲೆ ತಿಳಿಯುವುದಿಲ್ಲ. ತಂಡ ಎರಡು ದಾರಿ ಹಿಡಿಯಿತು. ಜೀವಕೋಶದ ಭಾಗಗಳನ್ನು ಸಾಂದ್ರತೆಯ ಪ್ರಕಾರ ಪದರ ಪದರವಾಗಿ ಬೇರ್ಪಡಿಸಿ ಯಾವ ಪದರದಲ್ಲಿ ಕಿಣ್ವವಿದೆ ಎಂದು ನೋಡಿತು. ಜೊತೆಗೆ ಎಜಿಟಿಗೆ ಅಂಟುವ ಪ್ರತಿಕಾಯಕ್ಕೆ ಚಿನ್ನದ ಸೂಕ್ಷ್ಮ ಕಣಗಳನ್ನು ಕಟ್ಟಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಪ್ಪು ಚುಕ್ಕೆಗಳು ಎಲ್ಲಿ ಬೀಳುತ್ತವೆ ಎಂದು ಎಣಿಸಿತು. ಚುಕ್ಕೆಗಳು ಪೆರಾಕ್ಸಿಸೋಮಿನಲ್ಲಿ ಇರಬೇಕಿತ್ತು. ಈ ಇಬ್ಬರಲ್ಲಿ ಬಹುಪಾಲು ಚುಕ್ಕೆಗಳು ಜೀವಕೋಶದ ಇನ್ನೊಂದು ಕೋಣೆಯಾದ, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದಲ್ಲಿದ್ದವು.

ಕಿಣ್ವ ತಯಾರಾಗಿತ್ತು, ಕೆಲಸ ಮಾಡುವ ಸ್ಥಿತಿಯಲ್ಲೂ ಇತ್ತು, ಆದರೆ ಹೋಗಿ ಸೇರಿದ್ದು ಬೇರೆ ಮನೆಗೆ. ಪ್ರೋಟೀನೊಂದು ಒಂದು ಕೋಣೆಯ ಬದಲು ಇನ್ನೊಂದಕ್ಕೆ ಹೋಗಿ ಆನುವಂಶಿಕ ಕಾಯಿಲೆ ತರುವುದು ಅಲ್ಲಿಯವರೆಗೆ ಕಂಡಿರದ ಸಂಗತಿಯಾಗಿತ್ತು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಏಕೆಂದರೆ ಈ ಮಾತು ನನಗೆ ಬಹಳ ಇಷ್ಟ. ಬೆಕ್ಕಿನಂಥ ಮಾಂಸಾಹಾರಿ ಪ್ರಾಣಿಗಳಲ್ಲಿ ಎಜಿಟಿ ಇರುವುದು ಮೈಟೊಕಾಂಡ್ರಿಯದಲ್ಲೇ. ಮೊಲದಲ್ಲಿ ಅದು ಪೆರಾಕ್ಸಿಸೋಮಿನಲ್ಲಿರುತ್ತದೆ, ಇಲಿಯಲ್ಲಿ ಎರಡರಲ್ಲೂ. ಸೊಪ್ಪುಸದೆ ತಿನ್ನುವ ಪ್ರಾಣಿಗೆ ಗಿಡದಿಂದ ಗ್ಲೈಕೊಲೇಟ್ ಸಿಗುತ್ತದೆ, ಅದು ಗ್ಲೈಆಕ್ಸಿಲೇಟ್ ಆಗುವುದು ಪೆರಾಕ್ಸಿಸೋಮಿನಲ್ಲಿ. ಮಾಂಸ ತಿನ್ನುವ ಪ್ರಾಣಿಗೆ ಕೊಲಾಜನ್ ಎಂಬ ಪ್ರೋಟೀನಿನ ಮೂಲಕ ಹೈಡ್ರಾಕ್ಸಿಪ್ರೋಲೀನ್ ಎಂಬ ಅಮೈನೋ ಆಮ್ಲ ಸಿಗುತ್ತದೆ, ಅದು ಒಡೆದು ಗ್ಲೈಆಕ್ಸಿಲೇಟ್ ಹುಟ್ಟುವುದು ಮೈಟೊಕಾಂಡ್ರಿಯದಲ್ಲಿ. ಗ್ಲೈಆಕ್ಸಿಲೇಟ್ ಎಲ್ಲಿ ಹುಟ್ಟುತ್ತದೋ ಅಲ್ಲೇ ಎಜಿಟಿ ಇರುವಂತೆ ವಿಕಾಸ ಏರ್ಪಾಡು ಮಾಡಿಕೊಂಡಿದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಮನುಷ್ಯನ ಎಜಿಟಿಯ ಸರಿಯಾದ ಜಾಗ ಪೆರಾಕ್ಸಿಸೋಮ್. ಆ ಇಬ್ಬರು ರೋಗಿಗಳ ಕಿಣ್ವ ಬೆಕ್ಕಿನ ವಿಳಾಸಕ್ಕೆ ಹೋಗಿತ್ತು.

ಮೂರು ಅಕ್ಷರಗಳ ಬದಲಾವಣೆ

1990ರಲ್ಲಿ ಇದೇ ಗುಂಪು ಇಂಥ ರೋಗಿಯೊಬ್ಬರ ಎಜಿಟಿ ತಯಾರಿಸಲು ಜೀನ್ ಕಳಿಸುವ ಸಂದೇಶವನ್ನು ಅಕ್ಷರ ಅಕ್ಷರವಾಗಿ ಓದಿತು. 392 ಅಮೈನೋ ಆಮ್ಲಗಳ ಸರಪಳಿಯಲ್ಲಿ ಮೂರು ಕಡೆ ವ್ಯತ್ಯಾಸವಿತ್ತು. 11ನೇ ಸ್ಥಾನದಲ್ಲಿ ಪ್ರೋಲೀನ್ ಬದಲು ಲ್ಯೂಸೀನ್, 170ನೇ ಸ್ಥಾನದಲ್ಲಿ ಗ್ಲೈಸೀನ್ ಬದಲು ಆರ್ಜಿನೀನ್, 340ನೇ ಸ್ಥಾನದಲ್ಲಿ ಐಸೊಲ್ಯೂಸೀನ್ ಬದಲು ಮೆಥಿಯೊನೀನ್. ಕಿಣ್ವ ಮೈಟೊಕಾಂಡ್ರಿಯಕ್ಕೆ ಹೋಗಿದ್ದ ಎಂಟೂ ರೋಗಿಗಳಲ್ಲಿ ಈ ಮೂರೂ ಬದಲಾವಣೆಗಳಿರುವ ಜೀನಿನ ಪ್ರತಿ ಕನಿಷ್ಠ ಒಂದಾದರೂ ಇತ್ತು.

ಸೋಜಿಗವೆಂದರೆ, ಮೂರರಲ್ಲಿ 11 ಮತ್ತು 340ರ ಬದಲಾವಣೆಗಳು ಆರೋಗ್ಯವಂತರಲ್ಲೂ ಸಿಕ್ಕವು. ಅವು ಒಟ್ಟಾಗಿ ಸಾಗುವ ಒಂದು ಸಾಮಾನ್ಯ ರೂಪ. ಈಗ ಅದನ್ನು ಎಜಿಟಿಯ ಮೈನರ್ ಅಲೀಲ್ (ಅಲೀಲ್ ಎಂದರೆ ಒಂದೇ ಜೀನಿನ ಒಂದು ರೂಪ) ಎನ್ನುತ್ತಾರೆ, ಪ್ರೋಲೀನ್ ಇರುವುದನ್ನು ಮೇಜರ್ ಅಲೀಲ್ ಎನ್ನುತ್ತಾರೆ. ರೋಗಿಗಳಲ್ಲಿ ಮಾತ್ರ ಕಂಡದ್ದು 170ರ ಬದಲಾವಣೆ. ಹಾಗಾದರೆ ಅಪರಾಧಿ 170 ಒಂದೇ ಎಂದು ತೀರ್ಮಾನಿಸಿಬಿಡಬಹುದಿತ್ತು. ತಂಡ ಅವಸರ ಮಾಡಲಿಲ್ಲ. ಮೈನರ್ ಅಲೀಲ್‌ನ ಎರಡು ಪ್ರತಿ ಇರುವ ಆರೋಗ್ಯವಂತರಲ್ಲೂ ಎಜಿಟಿಯ ಸಣ್ಣ ಪಾಲೊಂದು, ಶೇ. 5ರ ಆಸುಪಾಸು, ಮೈಟೊಕಾಂಡ್ರಿಯಕ್ಕೆ ಹೋಗುತ್ತದೆ. 11ನೇ ಸ್ಥಾನದ ಲ್ಯೂಸೀನ್ ಪ್ರೋಟೀನಿನ ತಲೆಭಾಗಕ್ಕೆ ಮೈಟೊಕಾಂಡ್ರಿಯದ ವಿಳಾಸಚೀಟಿಯಂತೆ ಕಾಣುವ ಸುರುಳಿಯ ಆಕಾರ ಕೊಡುತ್ತದೆ. ಚೀಟಿ ದುರ್ಬಲ, ಸಾಧಾರಣವಾಗಿ ಯಾರೂ ಅದನ್ನು ಓದುವುದಿಲ್ಲ. 170ರ ಆರ್ಜಿನೀನ್ ಸೇರಿಕೊಂಡಾಗ ಸುಮಾರು ಶೇ. 90ರಷ್ಟು ಕಿಣ್ವ ಆ ಚೀಟಿಯ ಪ್ರಕಾರವೇ ಹೋಗುತ್ತದೆ. ಬೇರೆಬೇರೆಯಾಗಿ ಕೇಡು ಮಾಡದ ಎರಡು ಬದಲಾವಣೆಗಳು ಕೂಡಿದಾಗ ಕಾಯಿಲೆ. ಹೇಗೆ ಎಂಬ ಪ್ರಶ್ನೆಗೆ ರೋಗಿಯ ಯಕೃತ್ತು ಉತ್ತರ ಕೊಡಲಾರದು. ಯಕೃತ್ತಿನ ತುಣುಕು ಅತಿ ಚಿಕ್ಕದು, ಪಡೆಯುವುದು ಕಷ್ಟ, ಅಲ್ಲದೆ ಅದರಲ್ಲಿ ಮೂರೂ ಬದಲಾವಣೆಗಳು ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ಒಂದೊಂದನ್ನೇ ಬಿಡಿಸಿ ನೋಡಲು ರಿಕಾಂಬಿನೆಂಟ್ ಪ್ರೋಟೀನೇ ಬೇಕಾಯಿತು.

ಟ್ಯೂಬಿನೊಳಗಿನ ಸಾಕ್ಷಿ

ಮನುಷ್ಯನ ಎಜಿಟಿಯನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಬಹುದು. ಜೀನನ್ನು ಬ್ಯಾಕ್ಟೀರಿಯಾದೊಳಗಿನ ಸಣ್ಣ ಡಿಎನ್ಎ ಉಂಗುರವಾದ ಪ್ಲಾಸ್ಮಿಡ್‌ಗೆ ಸೇರಿಸಿ, ಬೇಕಾದ ಸ್ಥಾನದಲ್ಲಿ ಒಂದೇ ಅಕ್ಷರ ಬದಲಿಸಿ, ಬ್ಯಾಕ್ಟೀರಿಯಾ ಬೆಳೆಸಿ, ಒಡೆದು, ಕಾಲಮ್ ಮೂಲಕ ಹಾಯಿಸಿದರೆ ಶುದ್ಧ ಪ್ರೋಟೀನ್ ಕೈಗೆ ಬರುತ್ತದೆ. ಅದು ತಿಳಿಹಳದಿ. ಬಣ್ಣ ಅದರೊಳಗೆ ಕೂತು ಕೆಲಸಕ್ಕೆ ನೆರವಾಗುವ ಸಣ್ಣ ಅಣುವಿನದು, ಅಂದರೆ ಸಹಕಿಣ್ವದ್ದು. ವಿಟಮಿನ್ ಬಿ6ರಿಂದ ಬರುವ ಪಿರಿಡಾಕ್ಸಲ್ ಫಾಸ್ಫೇಟ್ 209ನೇ ಸ್ಥಾನದ ಲೈಸೀನಿಗೆ ಕಟ್ಟಿಕೊಂಡಿರುತ್ತದೆ. ಹಳದಿ ಸರಿಯಾಗಿ ಮೂಡಿದ್ದರೆ ಪ್ರೋಟೀನ್ ಸರಿಯಾಗಿ ಮಡಚಿಕೊಂಡಿದೆ ಎಂಬ ಭರವಸೆ ಕಣ್ಣಿಗೇ ಸಿಗುತ್ತದೆ.

ಹೀಗೆ ಬೇರೆಬೇರೆ ಜೋಡಿಗಳನ್ನು ಮಾಡಿ 2000ದಲ್ಲಿ ಲಂಬ್ ಮತ್ತು ಡ್ಯಾನ್‌ಪ್ಯೂರ್ ಪ್ರಕಟಿಸಿದ ಕೆಲಸ ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ತಿರುವು. 170ರ ಬದಲಾವಣೆಯನ್ನು ಮೇಜರ್ ಅಲೀಲ್‌ನ ಮೈಮೇಲೆ ಇಟ್ಟರೆ ಕಿಣ್ವಕ್ಕೆ ಹೆಚ್ಚೇನೂ ಆಗುವುದಿಲ್ಲ. ಅದನ್ನೇ 11ರಲ್ಲಿ ಲ್ಯೂಸೀನ್ ಇರುವ ಮೈಮೇಲೆ ಇಟ್ಟರೆ ಪ್ರೋಟೀನ್ ಅಸ್ಥಿರವಾಗುತ್ತದೆ. ಇದು 170ಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಮೈನರ್ ಅಲೀಲ್ ಜೊತೆ ಬರುವ ಇನ್ನೂ ಮೂರು ಸಾಮಾನ್ಯ ರೋಗಕಾರಕ ಬದಲಾವಣೆಗಳಿಗೂ 11ರ ಲ್ಯೂಸೀನಿನ ಕುಮ್ಮಕ್ಕು ಇತ್ತು.

ಮುಂದಿನ ಸಾಕ್ಷಿ 2003ರಲ್ಲಿ ಎಜಿಟಿಯನ್ನೇ ಹರಳಾಗಿಸಿ ಕಂಡುಕೊಂಡ ಅದರ ರಚನೆಯಿಂದ ಬಂತು. ಅದೂ ರಿಕಾಂಬಿನೆಂಟ್ ಪ್ರೋಟೀನಿನಿಂದಲೇ ಬೆಳೆಸಿದ ಹರಳು. ಎಜಿಟಿ ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಎರಡು ಸರಪಳಿಗಳು ಜೋಡಿಯಾಗುತ್ತವೆ. ಪ್ರತಿ ಸರಪಳಿಯ ತಲೆಭಾಗ ತೋಳಿನಂತೆ ಚಾಚಿ ಜೊತೆಗಾರನ ಮೈಯನ್ನು ಬಳಸಿ ಹಿಡಿದಿರುತ್ತದೆ. 11ನೇ ಸ್ಥಾನ ಇರುವುದು ಆ ತೋಳಿನಲ್ಲೇ. ಅಲ್ಲಿ ಪ್ರೋಲೀನ್ ಹೋಗಿ ಲ್ಯೂಸೀನ್ ಬಂದರೆ ಅಪ್ಪುಗೆ ಸಡಿಲವಾಗುವುದು ಏಕೆ ಎಂದು ಚಿತ್ರ ನೋಡಿದರೇ ಹೊಳೆಯುತ್ತದೆ. 2010ರಲ್ಲಿ 170 ಬದಲಾದ ಪ್ರೋಟೀನಿನ ರಚನೆಯೂ ಬಂತು. ಒಟ್ಟು ಆಕಾರ ಸಾಮಾನ್ಯ ಎಜಿಟಿಯದೇ, ವ್ಯತ್ಯಾಸಗಳು ಸಣ್ಣವು.

ಈಗ ಎರಡು ಬಾಗಿಲುಗಳ ಸ್ವಭಾವ ತಿಳಿದರೆ ಕತೆ ಕೂಡುತ್ತದೆ. ಪೆರಾಕ್ಸಿಸೋಮಿನ ಬಾಗಿಲು ಪೂರ್ತಿ ಮಡಚಿ ಜೋಡಿಯಾದ ಪ್ರೋಟೀನನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಎಜಿಟಿಯ ಬಾಲದ ಕೊನೆಯ ಮೂರು ಅಮೈನೋ ಆಮ್ಲಗಳಾದ ಲೈಸೀನ್, ಲೈಸೀನ್, ಲ್ಯೂಸೀನ್ ಅದಕ್ಕೆ ಗುರುತು. ಮೈಟೊಕಾಂಡ್ರಿಯದ ಬಾಗಿಲು ಕಿರಿದು, ಬಿಚ್ಚಿಕೊಂಡ ಒಂಟಿ ಸರಪಳಿ ಮಾತ್ರ ಅದರಲ್ಲಿ ತೂರುತ್ತದೆ. ಸಾಮಾನ್ಯ ಎಜಿಟಿ ಬೇಗನೆ ಮಡಚಿ ಜೋಡಿಯಾಗುವುದರಿಂದ, ತಲೆಯಲ್ಲಿ ಮೈಟೊಕಾಂಡ್ರಿಯದ ಚೀಟಿ ಇದ್ದರೂ ಆ ಬಾಗಿಲಿಗೆ ಸಿಗುವುದಿಲ್ಲ. 11 ಮತ್ತು 170 ಎರಡೂ ಬದಲಾದಾಗ ಮಡಚಿಕೊಳ್ಳುವುದು, ಜೋಡಿಯಾಗುವುದು ತಡವಾಗುತ್ತದೆ. ಆ ತಡದಲ್ಲಿ ಮೈಟೊಕಾಂಡ್ರಿಯ ಅದನ್ನು ಎಳೆದುಕೊಳ್ಳುತ್ತದೆ. ಜೋಡಿಯಾಗುವುದನ್ನು ತಡೆಯದೆ ಈ ದಾರಿತಪ್ಪುವಿಕೆ ಆಗದು ಎಂದು 1996ರಲ್ಲೇ ಜೀವಕೋಶಗಳಲ್ಲಿ ತೋರಿಸಿದ್ದರು. ಇಡೀ ಕಾಯಿಲೆ ನಿಂತಿರುವುದು ವೇಗದ ಪಂದ್ಯದ ಮೇಲೆ.

ಟ್ಯೂಬಿಗೆ ಕಾಣದ್ದು

ನನ್ನ ಮುಖ್ಯ ಮಾತು ಇಲ್ಲಿದೆ. ಎರಡೂ ಬದಲಾವಣೆಗಳಿರುವ ಶುದ್ಧ ಪ್ರೋಟೀನನ್ನು ಹದವಾದ ಸ್ಥಿತಿಯಲ್ಲಿ ಟ್ಯೂಬಿಗೆ ಹಾಕಿ ಬರಿಯ ಕೆಲಸದ ವೇಗ ಅಳೆದರೆ ಅದು ಸಾಮಾನ್ಯ ಎಜಿಟಿಗೆ ಹತ್ತಿರವೇ ಬರುತ್ತದೆ. ಬಿಸಿ ಮಾಡಿದಾಗ, ಪ್ರೋಟೀನಿನ ಮಡಿಕೆ ಬಿಚ್ಚುವ ಯೂರಿಯಾ ಸೇರಿಸಿದಾಗ ಮಾತ್ರ ಅದರ ದೌರ್ಬಲ್ಯ ಹೊರಬೀಳುತ್ತದೆ. ವೇಗವನ್ನು ಮಾತ್ರ ನೋಡಿ ವರದಿ ಬರೆಯುವವರು ಈ ರೂಪಕ್ಕೆ ‘ಕೆಲಸ ಸರಿಯಾಗಿದೆ’ ಎಂದು ಬರೆಯುತ್ತಾರೆ. ಅದನ್ನು ಓದಿದ ವೈದ್ಯರು ಕುಟುಂಬಕ್ಕೆ ‘ಇದರಿಂದ ತೊಂದರೆ ಇಲ್ಲ’ ಎಂದು ಹೇಳುವ ಸಂಭವವಿದೆ. ಇದೇ ರೂಪ ಎಷ್ಟೋ ಜನರ ಕಿಡ್ನಿ ತೆಗೆದಿದೆ. ಜೀನ್ ಪರೀಕ್ಷೆಯಲ್ಲಿ ಹೊಸ ಹೊಸ ಬದಲಾವಣೆಗಳು ಸಿಗುತ್ತಿರುವಾಗ, ಅವುಗಳನ್ನು ತೂಗಲು ರಿಕಾಂಬಿನೆಂಟ್ ಪ್ರೋಟೀನ್ ಬಳಸುವಾಗ, ನನಗೆ ಆತಂಕವಾಗುವುದು ಇದಕ್ಕೇ. ಟ್ಯೂಬಿನಲ್ಲಿ ಪೆರಾಕ್ಸಿಸೋಮೂ ಇಲ್ಲ, ಮೈಟೊಕಾಂಡ್ರಿಯವೂ ಇಲ್ಲ. ಬ್ಯಾಕ್ಟೀರಿಯಾದಲ್ಲೂ ಇಲ್ಲ. ವಿಳಾಸವೇ ಇಲ್ಲದ ಊರಿನಲ್ಲಿ ವಿಳಾಸ ತಪ್ಪಿದ್ದು ಗೊತ್ತಾಗುವುದು ಹೇಗೆ?

ಟ್ಯಾಗ್ ವಿಷಯವನ್ನೂ ಇದರ ಜೊತೆಗೇ ಹೇಳಬೇಕು. ಶುದ್ಧೀಕರಣ ಸುಲಭವಾಗಲೆಂದು ಪ್ರೋಟೀನಿನ ಒಂದು ತುದಿಗೆ ಆರು ಹಿಸ್ಟಿಡೀನ್‌ಗಳ ಬಾಲಂಗೋಚಿ ಸೇರಿಸುವುದು ವಾಡಿಕೆ. ಟ್ಯೂಬಿನಲ್ಲಿ ವೇಗ ಅಳೆಯಲು ಅದು ಹೆಚ್ಚಾಗಿ ಅಡ್ಡಿಯಲ್ಲ. ಆದರೆ ಎಜಿಟಿಯ ಎರಡೂ ತುದಿಗಳಿಗೆ ಅರ್ಥವಿದೆ. ಬಾಲಕ್ಕೆ ಟ್ಯಾಗ್ ಹಾಕಿದರೆ ಕೊನೆಯ ಮೂರು ಅಮೈನೋ ಆಮ್ಲಗಳು ಕೊನೆಯವಾಗಿ ಉಳಿಯುವುದಿಲ್ಲ, ಪೆರಾಕ್ಸಿಸೋಮಿನ ಗುರುತು ಅಳಿಸುತ್ತದೆ. ತಲೆಗೆ ಹಾಕಿದರೆ ಮೈಟೊಕಾಂಡ್ರಿಯದ ಚೀಟಿ ಮುಚ್ಚಿಹೋಗಬಹುದು, ಜೊತೆಗಾರನನ್ನು ಹಿಡಿಯುವ ತೋಳಿಗೂ ಹೊರೆಯಾಗಬಹುದು. ಅದೇ ರಚನೆಯನ್ನು ಮುಂದೆ ಜೀವಕೋಶದ ಪ್ರಯೋಗಕ್ಕೆ ಬಳಸುವವರು ಟ್ಯಾಗ್ ಯಾವ ತುದಿಯಲ್ಲಿದೆ ಎಂದು ಪ್ರೋಟೀನಿನ ಬಾಟಲಿಯ ಮೇಲೆ ಬರೆದ ಸಾಲನ್ನು ಮೊದಲು ಓದಬೇಕು.

11ನೇ ಸ್ಥಾನದಲ್ಲಿ ಯಾವ ಅಮೈನೋ ಆಮ್ಲ ಇದೆ ಎಂಬುದು ಇನ್ನೂ ಮುಖ್ಯ. ‘ಮನುಷ್ಯನ ಎಜಿಟಿ’ ಎಂದಷ್ಟೇ ಬರೆದಿದ್ದರೆ ಅದು ಮೇಜರ್ ಅಲೀಲ್ ಇರಬಹುದು, ಮೈನರ್ ಇರಬಹುದು. ಹೊಸ ಬದಲಾವಣೆಯನ್ನು ರೋಗಿಯಲ್ಲಿ ಅದು ಕೂತಿರುವ ಮೈಮೇಲೇ ಇಟ್ಟು ಪರೀಕ್ಷಿಸಬೇಕು. ಪ್ರೋಲೀನ್ ಇರುವ ಪ್ರೋಟೀನಿನಲ್ಲಿ 170ನ್ನು ಪರೀಕ್ಷಿಸಿದವರು ಯಾವ ದೋಷವನ್ನೂ ಕಾಣದೆ ಹಿಂತಿರುಗುತ್ತಾರೆ.

ವೇಗ ಅಳೆಯುವುದರಲ್ಲೂ ಒಂದು ಗುಂಡಿ ಇದೆ. ಎಜಿಟಿ ಕೆಲಸ ಮಾಡಿದಾಗ ಅಲನೀನಿನಿಂದ ಪೈರುವೇಟ್ ಉಳಿಯುತ್ತದೆ. ಪೈರುವೇಟನ್ನು ಅಳೆಯಲು ಲ್ಯಾಕ್ಟೇಟ್ ಡಿಹೈಡ್ರಾಜಿನೇಸ್ ಸೇರಿಸಿ, ಎನ್‌ಎಡಿಎಚ್ ಎಂಬ ಸಹಾಯಕ ಅಣು ಕಡಿಮೆಯಾಗುವುದನ್ನು 340 ನ್ಯಾನೋಮೀಟರ್ ಬೆಳಕಿನಲ್ಲಿ ನೋಡುವುದು ಹಳೆಯ, ಒಳ್ಳೆಯ ವಿಧಾನ. ಎರಡು ಕಿಣ್ವಗಳನ್ನೂ ಒಂದೇ ಟ್ಯೂಬಿಗೆ ಹಾಕಿ ಒಟ್ಟಿಗೇ ಅಳೆಯೋಣ ಎಂದು ಹೊರಟರೆ ಎಡವುತ್ತೇವೆ. ಲ್ಯಾಕ್ಟೇಟ್ ಡಿಹೈಡ್ರಾಜಿನೇಸ್‌ಗೆ ಗ್ಲೈಆಕ್ಸಿಲೇಟೂ ಆಹಾರವೇ. ಎಜಿಟಿ ಸುಮ್ಮನೆ ಕೂತಿದ್ದರೂ ಎನ್‌ಎಡಿಎಚ್ ಕಡಿಮೆಯಾಗುತ್ತಾ ಹೋಗುತ್ತದೆ. ರೋಗಿಯ ಯಕೃತ್ತಿನಲ್ಲಿ ಆಕ್ಸಲೇಟ್ ಮಾಡಿದ ಅದೇ ಕಿಣ್ವ ಇಲ್ಲಿ ಅಳತೆಯನ್ನೂ ಕೆಡಿಸುತ್ತದೆ. ಆದ್ದರಿಂದ ಮೊದಲು ಎಜಿಟಿಯ ಕ್ರಿಯೆಯನ್ನು ಆಮ್ಲ ಹಾಕಿ ನಿಲ್ಲಿಸಿ, ಆಮೇಲೆ ಬೇರೆಯಾಗಿ ಪೈರುವೇಟ್ ಅಳೆಯುತ್ತಾರೆ. ಎಜಿಟಿ ಹಾಕದ ಟ್ಯೂಬೊಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ಬಂದ ಯಾವ ಅಂಕಿಯನ್ನೂ ನಾನು ನಂಬುವುದಿಲ್ಲ.

ಹಳದಿ ಬಣ್ಣದ ಔಷಧ

ಇಷ್ಟೆಲ್ಲ ಮಿತಿಗಳನ್ನು ಹೇಳಿದ ಮೇಲೂ ಈ ಪ್ರಕರಣದಲ್ಲಿ ರೋಗಿಗೆ ನೇರವಾಗಿ ತಲುಪಿದ ತಿಳಿವಳಿಕೆಯೊಂದು ಶುದ್ಧ ಪ್ರೋಟೀನಿನ ಅಧ್ಯಯನದಿಂದ ಬಲ ಪಡೆಯಿತು. ಕಿಣ್ವ ಯಾವುದೆಂದು ತಿಳಿಯುವ ಮೊದಲೇ, 1960ರ ದಶಕದಿಂದಲೇ, ಈ ಕಾಯಿಲೆಯ ಕೆಲವರಿಗೆ ವಿಟಮಿನ್ ಬಿ6 ಕೊಟ್ಟರೆ ಮೂತ್ರದ ಆಕ್ಸಲೇಟ್ ಇಳಿಯುತ್ತದೆ ಎಂದು ವೈದ್ಯರು ಗಮನಿಸಿದ್ದರು. ಕೆಲವರಿಗೆ ಇಳಿಯುತ್ತಿತ್ತು, ಕೆಲವರಿಗೆ ಇಲ್ಲ. 170ರ ಬದಲಾವಣೆ ಇರುವವರು ಬಿ6ಗೆ ಓಗೊಡುತ್ತಾರೆ ಎಂಬ ನಂಟು 2005ರಲ್ಲಿ ಸ್ಪಷ್ಟವಾಯಿತು. ಎರಡು ಪ್ರತಿಗಳಿದ್ದವರಲ್ಲಿ ಪರಿಣಾಮ ಹೆಚ್ಚು.

ಸಹಕಿಣ್ವ ಕೂತಿರುವ ಎಜಿಟಿ ಖಾಲಿ ಎಜಿಟಿಗಿಂತ ಗಟ್ಟಿ ಎಂಬುದು ಟ್ಯೂಬಿನಲ್ಲಿ ನೇರವಾಗಿ ಅಳೆಯಬಹುದಾದ ಸಂಗತಿ. ಬಿ6 ಹೆಚ್ಚಾದಾಗ ಹೊಸದಾಗಿ ತಯಾರಾದ ದುರ್ಬಲ ಸರಪಳಿಗೆ ಆಸರೆ ಸಿಗುತ್ತದೆ, ಪಂದ್ಯದಲ್ಲಿ ಅದಕ್ಕೆ ಸ್ವಲ್ಪ ಮುನ್ನಡೆ ಸಿಗುತ್ತದೆ. 2013ರಲ್ಲಿ ಈ ರೂಪವನ್ನು ಜೀವಕೋಶಗಳಲ್ಲಿ ಇಟ್ಟು ಬಿ6 ಕೊಟ್ಟಾಗ ಕಿಣ್ವದ ಪ್ರಮಾಣವೂ ಕೆಲಸವೂ ಹೆಚ್ಚಿದವು, ಪೆರಾಕ್ಸಿಸೋಮಿಗೆ ಹೋಗುವ ಪಾಲೂ ಹೆಚ್ಚಿತು. ಟ್ಯೂಬ್ ಗಟ್ಟಿತನವನ್ನು ಹೇಳಿತು, ಜೀವಕೋಶ ವಿಳಾಸವನ್ನು ಹೇಳಿತು. ಒಂದಿಲ್ಲದೆ ಇನ್ನೊಂದರಿಂದ ಈ ಉತ್ತರ ಬರುತ್ತಿರಲಿಲ್ಲ. (ಓದುವವರು ದಯವಿಟ್ಟು ಇದನ್ನು ತಾವೇ ಮಾತ್ರೆ ತೆಗೆದುಕೊಳ್ಳುವ ಸಲಹೆ ಎಂದುಕೊಳ್ಳಬೇಡಿ. ಹೆಚ್ಚು ಪ್ರಮಾಣದ ಬಿ6 ನರಗಳಿಗೆ ಹಾನಿ ಮಾಡುತ್ತದೆ, ಬೇರೆ ಕಾರಣಗಳಿಂದ ಬರುವ ಕಿಡ್ನಿ ಕಲ್ಲಿಗೆ ಈ ವಾದ ಹೊಂದುವುದೂ ಇಲ್ಲ.)

ಈಗ ಬೇರೆ ದಾರಿಗಳೂ ತೆರೆದಿವೆ. 2020ರಲ್ಲಿ ಅನುಮತಿ ಪಡೆದ ಲುಮಾಸಿರನ್ ಎಂಬ ಚುಚ್ಚುಮದ್ದು ಎಜಿಟಿಯ ಗೊಡವೆಗೇ ಹೋಗುವುದಿಲ್ಲ. ಗ್ಲೈಕೊಲೇಟಿನಿಂದ ಗ್ಲೈಆಕ್ಸಿಲೇಟ್ ಮಾಡುವ ಕಿಣ್ವದ ಸಂದೇಶವನ್ನು ಯಕೃತ್ತಿನಲ್ಲಿ ಅಳಿಸಿ, ಹೊಳೆಯನ್ನು ಮೇಲಿನಿಂದಲೇ ಕಟ್ಟುತ್ತದೆ. 2023ರಲ್ಲಿ ಬಂದ ನೆಡೊಸಿರನ್ ಯಕೃತ್ತಿನ ಲ್ಯಾಕ್ಟೇಟ್ ಡಿಹೈಡ್ರಾಜಿನೇಸನ್ನು ಕುಗ್ಗಿಸುತ್ತದೆ. ಯಾವ ಬದಲಾವಣೆ ಇದ್ದರೂ, ಎಜಿಟಿ ಎಲ್ಲೇ ಇದ್ದರೂ, ಇವು ಕೆಲಸ ಮಾಡಬಲ್ಲವು.

ಆದರೂ 170ರ ಬದಲಾವಣೆಯ ಎರಡು ಪ್ರತಿಗಳಿದ್ದು ಬಿ6ಗೆ ಚೆನ್ನಾಗಿ ಓಗೊಡುವ ರೋಗಿಗಳ ವಿಷಯದಲ್ಲಿ ಹಳೆಯ ವಿಟಮಿನ್ ತನ್ನ ಜಾಗ ಬಿಟ್ಟುಕೊಟ್ಟಿಲ್ಲ. ಇಂಥ ಕೆಲವರಿಗೆ ಕಿಡ್ನಿ ಪೂರ್ತಿ ಸೋತ ಮೇಲೆ ಬಿ6 ಮುಂದುವರಿಸಿ ಕಿಡ್ನಿ ಒಂದನ್ನೇ ಕಸಿ ಮಾಡಿದ್ದಾರೆ, ಹೊಸ ಕಿಡ್ನಿ ಉಳಿದಿದೆ. ಅವರ ಯಕೃತ್ತನ್ನು ತೆಗೆಯಬೇಕಾಗಲಿಲ್ಲ. ಅದರೊಳಗಿನ ಎಜಿಟಿಯಲ್ಲಿ ಒಂದಷ್ಟು ಪಾಲು ಈಗ ಪೆರಾಕ್ಸಿಸೋಮಿಗೆ ಹೋಗಿ ಸೇರುತ್ತಿದೆ.